ಚಿನ್ನ ಮುಗಿದ ನೆಲದಲ್ಲಿ ನಂಬಿಕೆಯ ಲೆಕ್ಕ

ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಲು ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್‌ಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಬಂಗಾರಪೇಟೆ ಜಂಕ್ಷನ್‌ನಲ್ಲಿ ಮದರಾಸಿನ ಮಾರ್ಗದಿಂದ ಕವಲೊಡೆಯುವ ಹಳಿಯೊಂದು ಬೆಮಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂ ಸೇರುತ್ತದೆ. ಈ ಹಳಿಯ ಆಚೀಚೆ ನೂರಿಪ್ಪತ್ತು ವರ್ಷ ಜನ ಭೂಮಿಯೊಳಕ್ಕೆ ಇಳಿದು ಹತ್ತಿದರು. ಸುಮಾರು 800 ಟನ್ ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡಿದವರ ಮನೆಯಲ್ಲಿ ಚಿನ್ನ ಉಳಿಯಲಿಲ್ಲ, ಕೆಮ್ಮು ಉಳಿಯಿತು. ಇಷ್ಟಾದರೂ ಆ ಜನ ಊರು ಬಿಟ್ಟು ಚದುರಿಹೋಗಲಿಲ್ಲ, ದೇವರನ್ನಾಗಲೀ ಓದನ್ನಾಗಲೀ ಬಿಡಲಿಲ್ಲ. ಹಾಗಿದ್ದರೆ ಅವರು ನೆಚ್ಚಿಕೊಂಡದ್ದು ಏನನ್ನು? ಸೋಲಿನ ನಡುವೆ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ಪುಸ್ತಕಗಳಲ್ಲಿ ಹುಡುಕುವುದಕ್ಕಿಂತ ಇಲ್ಲಿ ಹುಡುಕುವುದು ಒಳ್ಳೆಯದು.

ಕನ್ನಡದ ಬಹುಪಾಲು ಜನಕ್ಕೆ ಕೆಜಿಎಫ್ ಎಂದರೆ 2018ರ ಸಿನಿಮಾ. ಅದರ ಕೆಲವು ದೃಶ್ಯಗಳನ್ನು ಇಲ್ಲಿನ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಿಸಿದರು. ಒಬ್ಬ ವೀರ ಬಂದು ಎಲ್ಲರನ್ನೂ ಬಿಡಿಸುವ ಕಥೆ ಅದು. ನಿಜವಾದ ಕೆಜಿಎಫ್‌ಗೆ ಅಂಥ ವೀರ ಬರಲಿಲ್ಲ. ಬಂದದ್ದು ಕಂಪನಿ.

ಕಂಪನಿಯ ಛಲದ ಕಥೆ ಚೆನ್ನಾಗಿಯೇ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಗಡಿ ಅಳತೆಗೆ ಬಂದಾಗ, ಈ ಭಾಗದ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಅದಾಗಿ ಎಪ್ಪತ್ತು ವರ್ಷ ದೊಡ್ಡದೇನೂ ನಡೆಯಲಿಲ್ಲ. 1870ರ ದಶಕದಲ್ಲಿ ಮೈಕೆಲ್ ಲಾವೆಲ್ ಎಂಬ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಅಗೆಯತೊಡಗಿದ. ಬಂಡವಾಳ ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಮುಂದಿನ ಕೆಲವು ವರ್ಷಗಳಲ್ಲಿ ಶಾಫ್ಟುಗಳು ಒಂದರ ಹಿಂದೊಂದು ಬರಿದಾಗಿ, ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಟೇಲರ್ ನಡೆಸುತ್ತಿದ್ದ ಮೈಸೂರು ಕಂಪನಿಯ ಬಂಡವಾಳವೂ ತಳ ಕಂಡಿತ್ತು. ಷೇರುದಾರರನ್ನು ಟೇಲರ್ ಹೇಗೋ ಒಪ್ಪಿಸಿ ಇನ್ನೊಂದು ಅವಕಾಶ ಪಡೆದ. ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್, ಹಿಂದಿನ ಕಾಲದ ದೇಶೀ ಗಣಿಗಾರರು ಅಗೆದು ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೇ ತೋಡಿಸಿದ. ಚಾಂಪಿಯನ್ ಅದಿರಿನ ಪಟ್ಟಿ ಸಿಕ್ಕಿದ್ದು ಆಗ.

ಗಣಿ ಕೆಲಸ ಗೊತ್ತಿದ್ದ ಕಾರ್ನ್‌ವಾಲ್‌ನವರು ಇಲ್ಲಿಗೆ ಬಂದದ್ದು ಕೂಡ ಒಂದು ಸೋಲಿನಿಂದಲೇ. ಅವರ ಊರಿನ ತಾಮ್ರದ ಗಣಿಗಳು 1860ರ ದಶಕದಲ್ಲಿ ಬೆಲೆ ಕುಸಿದು ನೆಲಕಚ್ಚಿದ್ದವು. ಒಂದು ಊರಿನ ಮುಚ್ಚಿದ ಗಣಿ ಇನ್ನೊಂದು ಊರಿನ ಗಣಿಗೆ ಜನವನ್ನು ಕಳಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನೂರು ಕಿಲೋಮೀಟರಿಗೂ ಉದ್ದದ ತಂತಿಯ ಮೇಲೆ ಹರಿದು ಈ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು ಇಲ್ಲಿ ಬೆಳಕಾಯಿತು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಟೇಲರ್‌ನ ಛಲ ದೊಡ್ಡದೇ. ಆದರೆ ಅವನ ಷೇರುದಾರರಿಗೆ ಬೇಡವೆನಿಸಿದರೆ ಎದ್ದು ಹೋಗುವ ಬಾಗಿಲಿತ್ತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬರಕ್ಕೂ ಜಾತಿಯ ತುಳಿತಕ್ಕೂ ಬೇಸತ್ತು ಬಂದ ಕೂಲಿಗಳಿಗೆ ಆ ಬಾಗಿಲಿರಲಿಲ್ಲ. ಹೋಗಬಹುದಾದವನು ನಿಂತರೆ ಅದನ್ನು ಪಟ್ಟು ಎನ್ನುತ್ತೇವೆ. ಹೋಗಲಾರದವನು ನಿಂತದ್ದನ್ನೂ ಅದೇ ಹೆಸರಿನಿಂದ ಹೊಗಳಿದರೆ ಅವನ ನೋವನ್ನು ನಾವು ಅಲಂಕಾರ ಮಾಡಿಕೊಂಡಂತೆ. ಕೆಜಿಎಫ್ ಬಗ್ಗೆ ಬರೆದ ಎಷ್ಟೋ ಬರಹಗಳು ಈ ತಪ್ಪು ಮಾಡಿವೆ.

ಕೆಳಗೆ ಏನಿತ್ತು ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಆಳವನ್ನೂ ದಾಟಿತು. ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ತಂಪು ಗಾಳಿ ತಳ್ಳುವ ಯಂತ್ರಗಳು ಬರುವವರೆಗೆ, ಬಂದ ಮೇಲೂ, ಕೆಲಸ ಮಾಡುತ್ತಿದ್ದವನ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಭಾರ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದನ್ನು ಇಲ್ಲಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಮೇಲೆ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆ ಅದುರಿದರೆ ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದರು. ಬಂಡೆ ಕೊರೆಯುವಾಗ ಏಳುವ ಧೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗುತ್ತಿತ್ತು. ಅದಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಇಲ್ಲ.

ಇಂಥ ಕಡೆ ಜನ ದೇವರನ್ನು ಹಿಡಿದುಕೊಳ್ಳುವುದು ಸಹಜ. ಚಾಂಪಿಯನ್ ರೀಫ್‌ನ ವಿಕ್ಟರಿ ಮಾತೆಯ ಚರ್ಚು, ಲೈನು ಲೈನಿಗೊಂದರಂತೆ ಮುನೇಶ್ವರ, ಮಾರಿಯಮ್ಮ, ದರ್ಗಾ, ಬೇತಮಂಗಲದ ಕಡೆಗೆ ಬಂಗಾರು ತಿರುಪತಿ, ಇತ್ತೀಚೆಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಇವೆಲ್ಲದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಹರಕೆಯ ಭಕ್ತಿ ಮನಸ್ಸನ್ನು ಆ ದಿನದ ಮಟ್ಟಿಗೆ ಹಗುರ ಮಾಡುತ್ತದೆ. ಅದನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಕೆಜಿಎಫ್‌ನಲ್ಲಿ ಬೆಳೆದ ಇನ್ನೊಂದು ಬಗೆಯ ನಂಬಿಕೆಯ ಬಗ್ಗೆ ಕನ್ನಡದಲ್ಲಿ ಬರೆದವರು ತೀರ ಕಡಿಮೆ.

ಮದರಾಸಿನಲ್ಲಿ ಪಂಡಿತ ಅಯೋತಿದಾಸರು (1845–1914) ಶಾಕ್ಯ ಬೌದ್ಧ ಸಂಘ ಕಟ್ಟಿ, ದಲಿತರು ಮೂಲದಲ್ಲಿ ಬೌದ್ಧರೆಂದು ವಾದಿಸುತ್ತಿದ್ದಾಗ ಅವರಿಗೆ ಗಟ್ಟಿ ಬೆಂಬಲ ಸಿಕ್ಕಿದ್ದು ಈ ಗಣಿ ಕಾರ್ಮಿಕರಿಂದ. ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಸಂಘದ ಶಾಖೆಗಳು ಹುಟ್ಟಿದವು. 1907ರಲ್ಲಿ ಅಯೋತಿದಾಸರು ಹೊರಡಿಸಿದ 'ತಮಿಳನ್' ಪತ್ರಿಕೆಗೆ ಇಲ್ಲಿಂದ ಚಂದಾ ಹೋಗುತ್ತಿತ್ತು, ಬರಹವೂ ಹೋಗುತ್ತಿತ್ತು. ಅವರು ತೀರಿಕೊಂಡ ಮೇಲೆ ಪತ್ರಿಕೆ ನಿಂತಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಜಿ. ಅಪ್ಪಾದುರೈಯವರು. 1926ರಿಂದ ಸುಮಾರು ಹತ್ತು ವರ್ಷ ಅದು ಕೆಜಿಎಫ್‌ನಿಂದಲೇ ಹೊರಬಂತು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ ಬೌದ್ಧ ಪುಸ್ತಕಗಳನ್ನು ಅಚ್ಚು ಹಾಕಿ ಹಂಚಿತು. ನಾಗಪುರದಲ್ಲಿ ಅಂಬೇಡ್ಕರ್ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ, ಪಾಳಿ ಮುಗಿಸಿ ಮೇಲೆ ಬಂದ ಗಣಿ ಕೆಲಸಗಾರರು ಮೈ ತೊಳೆದುಕೊಂಡು ಬುದ್ಧವಿಹಾರಕ್ಕೆ ಹೋಗಿ ಕೂರುತ್ತಿದ್ದರು, ಓದುತ್ತಿದ್ದರು, ಚರ್ಚಿಸುತ್ತಿದ್ದರು. ನೀನು ಕೀಳಲ್ಲ, ಕೀಳು ಎಂದವರು ಸುಳ್ಳು ಹೇಳಿದ್ದಾರೆ ಎಂಬುದು ಆ ನಂಬಿಕೆಯ ತಿರುಳು. ಕಷ್ಟವನ್ನು ತಾಳಿಕೋ ಎಂದು ಅದು ಹೇಳಲಿಲ್ಲ.

1930ರಲ್ಲಿ ಅದರ ಫಲ ಕಂಡಿತು ಎಂದೇ ನನ್ನ ತಿಳಿವಳಿಕೆ. ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೊರಡಿಸಿದ ಆಜ್ಞೆ ಅವರಿಗೆ ತಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಿದಂತೆ ಕಂಡಿತು. ಸಾವಿರಾರು ಜನ ಮೂರು ವಾರ ಗಣಿಗೆ ಇಳಿಯಲಿಲ್ಲ. ಹೆಚ್ಚು ಕೂಲಿಗಾಗಿ ಶುರುವಾದ ಮುಷ್ಕರ ಅಲ್ಲ ಅದು, ಮರ್ಯಾದೆಗಾಗಿ ಶುರುವಾದದ್ದು. ಅಷ್ಟು ವರ್ಷ ಬಿಸಿ, ಧೂಳು, ಸಾವು ಎಲ್ಲವನ್ನೂ ನುಂಗಿಕೊಂಡಿದ್ದ ಜನ ಬೆರಳಚ್ಚಿಗೆ ಎದ್ದು ನಿಂತರು. ಸಹಿಸಿಕೊಳ್ಳುವುದು ಬೇರೆ, ಪಟ್ಟು ಹಿಡಿಯುವುದು ಬೇರೆ. ಒಂದು ಇದ್ದದ್ದನ್ನು ಇದ್ದ ಹಾಗೆಯೇ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ. ನಮ್ಮ ಉಪದೇಶಗಳಲ್ಲಿ ಎರಡೂ ಒಂದೇ ಎಂಬಂತೆ ಬರುತ್ತವೆ.

ಪಟ್ಟಿನ ಬಗ್ಗೆ ಇದೇ ಗಣಿಯೊಳಗೆ ವಿಜ್ಞಾನಿಗಳು ಬೇರೊಂದು ಪಾಠ ಕಲಿತರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಎಂಬ ತರುಣನನ್ನು 1951ರಲ್ಲಿ ಹೋಮಿ ಭಾಭಾ ಇಲ್ಲಿಗೆ ಕಳಿಸಿದರು. ಆಕಾಶದಿಂದ ಸುರಿಯುವ ಮ್ಯುಯಾನ್ ಕಣಗಳು ಭೂಮಿಯೊಳಗೆ ಎಷ್ಟು ಆಳದವರೆಗೆ ತೂರುತ್ತವೆ ಎಂದು ಅಳೆಯುವುದು ಕೆಲಸ. ಆಳ ಹೆಚ್ಚಿದಂತೆ ಎಣಿಕೆ ಇಳಿಯುತ್ತ ಹೋಯಿತು. 1960ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಸುಮಾರು 2,760 ಮೀಟರ್ ಆಳದಲ್ಲಿ ಉಪಕರಣ ಹೂಡಿ ಕಾಯಿತು. ವಾರಗಟ್ಟಲೆ ಕಾದರೂ ಒಂದೇ ಒಂದು ಕಣ ದಾಖಲಾಗಲಿಲ್ಲ. ಬೇರೆಯವರಾದರೆ ಉಪಕರಣ ಬಿಚ್ಚಿಕೊಂಡು ಊರಿಗೆ ಹೋಗುತ್ತಿದ್ದರು. ಇವರು ಆ ಸೊನ್ನೆಯನ್ನೇ ಕುಳಿತು ನೋಡಿದರು. ಇಲ್ಲಿಗೆ ಬೇರೆ ಯಾವ ಕಣವೂ ಬರುವುದಿಲ್ಲವಾದರೆ, ಇಡೀ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೋವನ್ನು ಗುರುತಿಸಲು ಇದಕ್ಕಿಂತ ನಿಶ್ಶಬ್ದವಾದ ತಾವು ಎಲ್ಲಿದೆ? ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಚಾಂಪಿಯನ್ ರೀಫ್‌ನಲ್ಲಿ ಪ್ರಯೋಗ ಹೂಡಿದರು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಜಗತ್ತಿಗೆ ಮೊದಲು ತಿಳಿಸಿದವರಲ್ಲಿ ಅವರಿದ್ದರು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡ್ ರೈನ್ಸ್ ತಂಡಕ್ಕೂ ಅದು ಸಿಕ್ಕಿತು.

ಆಮೇಲಿನ ಕಥೆ ಇಷ್ಟು ಸುಖದ್ದಲ್ಲ. 1980ರ ದಶಕದಲ್ಲಿ ಇಲ್ಲಿಯೇ ಪ್ರೋಟಾನ್ ಒಡೆಯುತ್ತದೆಯೇ ಎಂದು ಹುಡುಕಿದರು. ಕೆಲವು ಸಂಗತಿಗಳು ಹಾಗೆ ಕಂಡವು, ಬೇರೆ ಕಡೆ ಯಾರಿಗೂ ಸಿಗದೆ ದೃಢವಾಗಲಿಲ್ಲ. ಜಪಾನಿನ ಕಾಮಿಯೋಕಾ ಗಣಿಯಲ್ಲೂ ಅದನ್ನೇ ಹುಡುಕುತ್ತಿದ್ದರು. ಅವರಿಗೂ ಸಿಗಲಿಲ್ಲ. ಆದರೆ ಅದೇ ಉಪಕರಣ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೋಗಳನ್ನು ಹಿಡಿಯಿತು, 2002ರಲ್ಲಿ ನೊಬೆಲ್ ಬಂತು. ಅಲ್ಲಿ ಪ್ರಯೋಗಾಲಯ ಬೆಳೆಯುತ್ತ ಹೋಯಿತು. ಇಲ್ಲಿ ಗಣಿ ಸೊರಗಿದಂತೆ ಪ್ರಯೋಗಗಳೂ ನಿಂತವು, ಮುಂದೆ ಆ ಆಳಗಳಲ್ಲಿ ನೀರು ತುಂಬಿತು. ಛಲ ಇಬ್ಬರಲ್ಲೂ ಸಮನಾಗಿಯೇ ಇತ್ತು. ಬೆನ್ನಿಗೆ ನಿಂತ ವ್ಯವಸ್ಥೆ ಸಮನಾಗಿರಲಿಲ್ಲ. ಸೋತವನಿಗೆ ಇನ್ನಷ್ಟು ಪ್ರಯತ್ನಪಡು ಎಂದು ಹೇಳುವ ಮೊದಲು ಇದನ್ನು ನೆನೆಯಬೇಕು.

ಈ ಸೀಮೆಯ ಸೋಲುಗಳ ಪಟ್ಟಿಯಲ್ಲಿ ಡಿ.ವಿ. ಗುಂಡಪ್ಪನವರೂ ಬರುತ್ತಾರೆ. ಮುಳಬಾಗಿಲಿನವರಾದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಕೆಲಕಾಲ ಬದಲಿ ಮೇಷ್ಟರಾಗಿದ್ದು, ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿಗೆ ಹೋಗಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಡೆಯೂ ಕೆಲಸ ಮಾಡಿದರು. ಮುಂದಿನದು ಎಲ್ಲರಿಗೂ ಗೊತ್ತು: ಪತ್ರಿಕೆಗಳು, 1943ರಲ್ಲಿ ಕಗ್ಗ, 1945ರಲ್ಲಿ ಗೋಖಲೆ ಸಂಸ್ಥೆ. ಕೆಜಿಎಫ್‌ನ ಮಕ್ಕಳಿಗೆ ಈ ಕಥೆ ಹೇಳಲೇಬೇಕು. ಜೊತೆಗೆ, ಗುಂಡಪ್ಪನವರ ಮನೆಯಲ್ಲಿ ಪುಸ್ತಕವಿತ್ತು, ಸಂಸ್ಕೃತವಿತ್ತು, ಊರಲ್ಲಿ ಯಾವ ಬಾಗಿಲೂ ಹುಟ್ಟಿನ ಕಾರಣಕ್ಕೆ ಮುಚ್ಚಿರಲಿಲ್ಲ ಎಂಬುದನ್ನೂ ಹೇಳಬೇಕು.

ಬಾಗಿಲುಗಳು ಮುಚ್ಚಿದ್ದ ಕಡೆ ಹುಟ್ಟಿದವರು ಬೆಜವಾಡ ವಿಲ್ಸನ್. 1966ರಲ್ಲಿ ಕೆಜಿಎಫ್‌ನಲ್ಲಿ, ಗಣಿ ಕಾಲೊನಿಯ ಕಕ್ಕಸುಗಳನ್ನು ಬಳಿಯುವ ಕುಟುಂಬದಲ್ಲಿ. ಲೈನ್ ಮನೆಗಳಿಗೆ ಸಾಲಾಗಿ ಕಟ್ಟಿದ ಒಣ ಕಕ್ಕಸುಗಳಿದ್ದವು. ಅಲ್ಲಿಯ ಮಲವನ್ನು ಕೈಯಿಂದ ಬಕೆಟ್ಟಿಗೆ ತುಂಬಿ ಹೊತ್ತೊಯ್ಯುವವರು ಒಂದೇ ಸಮುದಾಯದವರು. ತಂದೆಯ ಕೆಲಸ ಏನೆಂದು ಮನೆಯವರು ಹುಡುಗನಿಗೆ ಬಹಳ ಕಾಲ ಹೇಳಿರಲಿಲ್ಲ. ಕೆಲಸ ಹುಡುಕಿಕೊಂಡು ಉದ್ಯೋಗ ವಿನಿಮಯ ಕಚೇರಿಗೆ ಹೋದಾಗ, ಜಾತಿ ನೋಡಿದ ಗುಮಾಸ್ತ ಅರ್ಜಿಯಲ್ಲಿ ಝಾಡಮಾಲಿ ಕೆಲಸವನ್ನೇ ಬರೆದದ್ದನ್ನು ವಿಲ್ಸನ್ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಅವರು ಹೇಳುವ ಇನ್ನೊಂದು ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ತಮ್ಮವರು ನಿಜವಾಗಿ ಏನು ಮಾಡುತ್ತಾರೆ ಎಂದು ನೋಡಲು ಅವರು ಕೆಲಸದ ಜಾಗಕ್ಕೆ ಹೋದರು. ಮಲ ಸುರಿಯುವ ಗುಂಡಿಯೊಳಗೆ ಒಬ್ಬನ ಬಕೆಟ್ಟು ಜಾರಿ ಬಿತ್ತು. ಆತ ಅಂಗಿಯ ತೋಳು ಮಡಚಿ ಒಳಗೆ ಕೈ ಹಾಕಿ ತಡಕಾಡತೊಡಗಿದ. ವಿಲ್ಸನ್ ತಡೆಯಲು ಹೋದರು. ಬಕೆಟ್ಟು ಹೋದರೆ ನಾಳೆ ಕೆಲಸ ಹೇಗೆ ಎಂಬುದು ಆತನ ಚಿಂತೆ. ಅಲ್ಲೇ ನಿಂತು ಅತ್ತ ವಿಲ್ಸನ್, ಸಾಯಬೇಕೆನಿಸಿತು ಎಂದೂ ಹೇಳಿದ್ದಾರೆ. ಆ ಬಕೆಟ್ಟಿಗಾಗಿ ಕೈ ಹಾಕಿದವನಲ್ಲಿ ದುಡಿಮೆಯ ನಿಷ್ಠೆ ಇರಲಿಲ್ಲವೇ? ಇತ್ತು. ತಲೆತಲಾಂತರದ ತಾಳ್ಮೆ ಇತ್ತು. ಅಂಥ ತಾಳ್ಮೆಯಿಂದ ಜನರನ್ನು ಬಿಡಿಸಬೇಕಾಗಿತ್ತು.

ಅವರ ಹೋರಾಟದ ಮೊದಲ ವರ್ಷಗಳು ಸೋಲಿನ ವರ್ಷಗಳೇ. ಪತ್ರ ಬರೆದರೆ ಉತ್ತರವಿಲ್ಲ, ಅಂಥ ಕಕ್ಕಸುಗಳೇ ನಮ್ಮಲ್ಲಿಲ್ಲ ಎಂಬ ಜವಾಬು. ಸ್ವಂತ ಜನರಿಂದಲೂ ಬೈಗುಳ, ಇರುವ ಕೂಲಿಯನ್ನೂ ಕಳೆಯುತ್ತೀಯಾ ಎಂದು. ಆಗ ಅವರು ಫೋಟೊ ತೆಗೆದು ಪುರಾವೆ ಒದಗಿಸಿದರು. ಪತ್ರಿಕೆಗಳಲ್ಲಿ ಬಂತು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ 1993ರಲ್ಲಿ ಆಗಿತ್ತು. ಕೆಜಿಎಫ್‌ನ ಒಣ ಕಕ್ಕಸುಗಳನ್ನು ಬದಲಿಸಿ, ಬಳಿಯುವವರಿಗೆ ಬೇರೆ ಕೆಲಸ ಕೊಡುವ ತೀರ್ಮಾನವಾಯಿತು. ಅವರು ಜೊತೆಗಾರರೊಂದಿಗೆ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ದೇಶವಿಡೀ ಹರಡಿತು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಗೆ 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಚರಂಡಿ, ಗುಂಡಿಗಳಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಕಾಯ್ದೆಗಳು ಬಂದ ಮೇಲೂ ಚರಂಡಿಗಿಳಿದವರ ಸಾವು ನಿಂತಿಲ್ಲ. ಗೆದ್ದಾಯಿತು ಎಂದು ಹೇಳಲು ವಿಲ್ಸನ್ ಒಪ್ಪುವುದೇ ಇಲ್ಲ. ನನಗೆ ಅವರಲ್ಲಿ ದೊಡ್ಡದಾಗಿ ಕಾಣುವುದು ಅದೇ.

ಗಣಿ ಮುಚ್ಚಿದ ಕಥೆಗೆ ಬರೋಣ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್. ಆರಂಭದ ದಶಕಗಳಲ್ಲಿ ಟನ್ ಅದಿರಿಗೆ 40 ಗ್ರಾಂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಆಳಕ್ಕೆ ಹೋದಷ್ಟೂ ಖರ್ಚು ಏರಿತು. ಮುಚ್ಚಿದ್ದಕ್ಕೆ ಲೆಕ್ಕದ ಕಾರಣ ಇತ್ತು, ಒಪ್ಪೋಣ. ಮುಚ್ಚಿದ ರೀತಿಗೆ ಕಾರಣ ಇರಲಿಲ್ಲ. ನೀರೆತ್ತುವ ಪಂಪುಗಳು ನಿಂತವು, ಆಸ್ಪತ್ರೆ ಸೊರಗಿತು, ಇಡೀ ಒಂದು ಪಟ್ಟಣದ ಬದುಕಿಗೆ ಬದಲಿ ಏನೆಂದು ಯಾರೂ ಯೋಚಿಸಿರಲಿಲ್ಲ. ಗಣಿಯನ್ನು ನಾವೇ ನಡೆಸುತ್ತೇವೆಂದು ಕಾರ್ಮಿಕ ಸಂಘಟನೆಗಳು ಮುಂದೆ ಬಂದು ವರ್ಷಗಟ್ಟಲೆ ಕೋರ್ಟು ಅಲೆದವು. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರ್‌ಗೆ ದಾರಿ ಬಿಟ್ಟಿತು. ಗಣಿ ತೆರೆಯಲಿಲ್ಲ.

ಆಮೇಲೆ ಊರನ್ನು ಹಿಡಿದು ನಿಲ್ಲಿಸಿದ್ದು ರೈಲು. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಬೆಂಗಳೂರಿಗೆ ಗಾಡಿ ಹೊರಡುತ್ತದೆ. ಊರಿಗಾಂ ಬರುವಷ್ಟರಲ್ಲಿ ಸೀಟುಗಳ ಮೇಲೆ ಟವೆಲು, ಬ್ಯಾಗು, ಊಟದ ಡಬ್ಬಿ. ಬಂಗಾರಪೇಟೆಯಲ್ಲಿ ಹತ್ತುವವರಿಗೆ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. 'ಅಕ್ಕಾ, ಒಂಚೂರು ಜರುಗಿ', 'ಇಲ್ಲಿ ಬನ್ನಿ ಅಣ್ಣಾ, ಟೇಕಲ್‌ನಲ್ಲಿ ಒಬ್ಬರು ಇಳೀತಾರೆ' ಎಂದು ತಮಿಳು ಬೆರೆತ ಕನ್ನಡದಲ್ಲಿ, ಕನ್ನಡ ಬೆರೆತ ತೆಲುಗಿನಲ್ಲಿ ಮಾತು ನಡೆಯುತ್ತದೆ. ಗಣಿ ಕೆಲಸಗಾರರ ಮಕ್ಕಳು, ಮೊಮ್ಮಕ್ಕಳು ಇವರು: ಸೆಕ್ಯುರಿಟಿ ಗಾರ್ಡುಗಳು, ನರ್ಸುಗಳು, ಅಂಗಡಿಗಳಲ್ಲಿ ನಿಲ್ಲುವ ಹುಡುಗಿಯರು, ಕಂಪ್ಯೂಟರ್ ಮುಂದೆ ಕೂರುವ ಹುಡುಗರು. ಹೋಗುವುದಕ್ಕೆ ನೂರರ ಹತ್ತಿರ ಕಿಲೋಮೀಟರ್, ಬರುವುದಕ್ಕೆ ಅಷ್ಟೇ. ಬೆಂಗಳೂರಿನಲ್ಲಿ ಮನೆ ಮಾಡುವಷ್ಟು ಸಂಬಳವಿಲ್ಲ, ಊರಲ್ಲಿ ಕೆಲಸವಿಲ್ಲ. ಬೆಳಿಗ್ಗೆ ನಿಂತುಕೊಂಡು ಬಂದವರಿಗೆ ಸಂಜೆ ಸೀಟು ಹಿಡಿದುಕೊಡುವ ಗುಂಪುಗಳಿವೆ. ಹಳೆಯ ಸಂಘಗಳಂತೆ ಇವೂ ಜನ ತಾವೇ ಕಟ್ಟಿಕೊಂಡದ್ದು. ನಂಬಿಕೆ ಎಂದರೆ ಇಲ್ಲಿ ಬಹುಮಟ್ಟಿಗೆ ಪಕ್ಕದಲ್ಲಿ ನಿಂತವನ ಮೇಲಿನ ನಂಬಿಕೆ.

ಬಂಗಾರಪೇಟೆಯ ಸುತ್ತಲ ಹಳ್ಳಿಗಳ ರೈತನ ಮುಂದೆಯೂ ಸಹನೆ ಯಾವುದು, ಪಟ್ಟು ಯಾವುದು ಎಂಬ ಇದೇ ಪ್ರಶ್ನೆ, ನೀರಿನ ರೂಪದಲ್ಲಿ. ಸಾವಿರ ಅಡಿ ಕೊರೆಸಿ ಬರೀ ಧೂಳು ಬಂದರೂ ಸಾಲ ಮಾಡಿ ಇನ್ನೊಂದು ಕೊಳವೆಬಾವಿ ಕೊರೆಸುವವನನ್ನು ಛಲದಂಕಮಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧತೆಯ ಬಗ್ಗೆ ರೈತ ಸಂಘಟನೆಗಳು ಎತ್ತಿದ ಪ್ರಶ್ನೆಗಳು ನ್ಯಾಯಾಲಯದವರೆಗೂ ಹೋದವು. ಬಂದ ನೀರನ್ನು ಬೇಡವೆನ್ನದೆಯೂ ಸರಿಯಾದ ನೀರು ಕೊಡಿ ಎಂದು ಕೇಳಬಹುದು. ಅವರು ಕೇಳಿದ್ದು ಅದನ್ನೇ.

ಕೆಜಿಎಫ್‌ನ ಸೈನೈಡ್ ದಿಬ್ಬಗಳು ಇನ್ನೂ ಇವೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಹುಡಿಯ ಬೆಟ್ಟಗಳು. ಮಳೆ ಬಿದ್ದರೆ ಮೈ ಸೀಳಿ ಕೊರಕಲಾಗುತ್ತವೆ, ಬೇಸಿಗೆಯ ಗಾಳಿಗೆ ಬೂದಿಬಣ್ಣದ ಧೂಳು ಎದ್ದು ಲೈನ್ ಮನೆಗಳ ಅಡುಗೆಮನೆಗೂ ಬಂದು ಕೂರುತ್ತದೆ. ಆ ಹುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನವಿದೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಇಂಥ 13 ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಊರಲ್ಲಿ ಮತ್ತೆ ಆಸೆ ಚಿಗುರಿದೆ. ಚಿಗುರಲಿ. ಆದರೆ ಟೆಂಡರಿನ ಷರತ್ತುಗಳನ್ನು ಬರೆಯುವಾಗಲೇ ಕೆಲವು ವಿಷಯ ಸೇರಬೇಕು: ಕೆಲಸ ಮೊದಲು ಊರಿನವರಿಗೆ, ಹಳೆಯ ಕಾರ್ಮಿಕರ ಬಾಕಿ ಚುಕ್ತಾ, ಧೂಳು ಏಳದಂತೆ ವ್ಯವಸ್ಥೆ, ಗಣಿಯಲ್ಲಿ ದುಡಿದವರೆಲ್ಲರ ಎದೆಯ ತಪಾಸಣೆ ಮತ್ತು ಚಿಕಿತ್ಸೆ, ತೆಗೆದ ಚಿನ್ನದ ಆದಾಯದಲ್ಲಿ ಒಂದು ಪಾಲು ಮಾರಿಕುಪ್ಪಂ, ಚಾಂಪಿಯನ್ ರೀಫ್ ಶಾಲೆಗಳಿಗೆ. 1880ರಲ್ಲಿ ಇಂಥ ಷರತ್ತುಗಳನ್ನು ಕೇಳುವವರು ಯಾರೂ ಇರಲಿಲ್ಲ. ಈಗ ಕೇಳಬಲ್ಲ ಎರಡು ತಲೆಮಾರಿನ ಓದಿದ ಮಕ್ಕಳು ದಿನಾ ಬೆಳಿಗ್ಗೆ ಆ ರೈಲಿನಲ್ಲಿ ಹೋಗಿ ಬರುತ್ತಿದ್ದಾರೆ.